ಹಾಲುಹಲ್ಲು

ಬ್ಯಾಡಗಿಯ ನಮ್ಮ ಓಣಿಯ ಗುರುಶಾಂತಪ್ಪನನ್ನು ಜನ ದನಗಳ ಪಾಲಿನ ದೇವರೆಂದು ಹೊಗಳುತ್ತಿದ್ದರು. ನನಗೆ ಮಾತ್ರ ಆ ಮನುಷ್ಯನ ಹೆಸರು ಕೇಳಿದರೆ ಇವತ್ತಿಗೂ ಮೈ ಉರಿಯುತ್ತದೆ.

ಹಾವೇರಿಯ ದನದ ಸಂತೆಗೆ ಹೋಗುವವರೆಲ್ಲ ಅವನನ್ನು ಕರೆದೊಯ್ಯುತ್ತಿದ್ದರು. ಹೋರಿಯ ತುಟಿ ಎತ್ತಿ, ಹಲ್ಲು ನೋಡಿ ವಯಸ್ಸು ಹೇಳುತ್ತಿದ್ದ. ಹಾಲುಹಲ್ಲು ಪೂರ್ತಿ ಬೀಳದ ಹೋರಿಯನ್ನು ಯಾರಾದರೂ ನೊಗಕ್ಕೆ ಹೂಡಿದ್ದು ಕಂಡರೆ ಹೊಲಕ್ಕೇ ನುಗ್ಗಿ ಬೈಯುತ್ತಿದ್ದ: "ಎಳೇ ಹೆಗಲೋ ಅದು! ನಿನಗ ಕರುಳು ಐತೇನು?"

೧೯೩೪ರ ಬೇಸಿಗೆಯಲ್ಲಿ ಅದೇ ಗುರುಶಾಂತಪ್ಪ ತನ್ನ ಮಗಳು ನೀಲಗಂಗವ್ವನ ಮದುವೆ ಗೊತ್ತುಮಾಡಿದ. ರಾಣೆಬೆನ್ನೂರಿನ ಬೀಗರು ವೀಳ್ಯಕ್ಕೆ ಬಂದು ಪಡಸಾಲೆಯಲ್ಲಿ ಕುಳಿತಿದ್ದರು. ಅವನ ಹೆಂಡತಿ ಗದಿಗೆವ್ವ ಒಳಗಿನಿಂದ ಹುಡುಗಿಯನ್ನು ಎಳೆದು ತಂದು, ಎಲ್ಲರೆದುರು ಅದರ ತುಟಿ ಎತ್ತಿ ಹಿಡಿದಳು. ಮುಂದಿನ ಹಲ್ಲೊಂದು ಬಿದ್ದಿತ್ತು, ಪಕ್ಕದ್ದು ಅಲುಗಾಡುತ್ತಿತ್ತು.

"ಇದರ ಹಲ್ಲೂ ನೋಡ್ರಿ," ಎಂದು ಗಂಡನಿಗೆ ಹೇಳಿದಳು. "ಎಳೇ ಹೋರಿಗೆ ನೊಗ ಬ್ಯಾಡಂತೀರಿ, ಇದಕ್ಕ ಹ್ಯಾಂಗ ಹೊರಸ್ತೀರಿ?"

ಬೀಗರು ತಲೆ ತಗ್ಗಿಸಿದರು. ಗುರುಶಾಂತಪ್ಪ ತಗ್ಗಿಸಲಿಲ್ಲ. ಅಡಿಕೆ ಕತ್ತರಿಸುತ್ತಲೇ ಹೇಳಿದ:

"ಹೋರಿ ನಮ್ಮ ಹೊಲದಾಗ ದುಡಿಯೂದು. ಇಕಿ ಮಂದಿ ಮನ್ಯಾಗ ದುಡಿಯಾಕಿ."