ಖಾಲಿ ಕೈಯ ನಡಿಗೆ

ಬಸುರಿ ಹೆಂಗಸು ಬಿ.ಎ. ಪಾಸಾಗುವುದು ಆಗದ ಮಾತು ಎಂದವರು ನಮ್ಮ ಅತ್ತೆ. ಬಸವಕಲ್ಯಾಣದ ಮನೆಯ ಪಡಸಾಲೆಯಲ್ಲಿ ಕೂತು, ಎಲೆಗೆ ಸುಣ್ಣ ಹಚ್ಚುತ್ತ ಅಂದರು:

"ಹೊಟ್ಟಿ ಒಂದ ಕಡಿ, ಬುಕ್ಕ ಒಂದ ಕಡಿ. ಎರಡೂ ಹೊತ್ತಾಕಿನ್ನ ನಾ ಅಂತೂ ನೋಡಿಲ್ಲ. ಒಂದು ಬೀಳತಾದ, ನೋಡ್ತಿರು."

ಯಾವುದು ಬೀಳಲಿ ಎಂದು ಅವರ ಮನಸ್ಸಿನಲ್ಲಿತ್ತೋ, ಅದನ್ನು ಕೇಳುವ ಅಗತ್ಯ ನನಗಿರಲಿಲ್ಲ.

ಎಪ್ಪತ್ತರ ದಶಕದ ಕೊನೆಯ ಮಾತಿದು. ನಾನು ಹುಮನಾಬಾದ ಹತ್ತಿರದ ಹುಡಗಿ ಎಂಬ ಊರಿನವಳು. ಎರಡೆಕರೆ ಹೊಲ, ಅದರ ಕೆಲಸ ಮುಗಿದರೆ ಅವ್ವ ಮಂದಿಯ ಹೊಲಕ್ಕೆ ಕೂಲಿಗೆ ಹೋಗುತ್ತಿದ್ದಳು. ನಮ್ಮ ಮನೆತನದಲ್ಲಿ ಹೆಬ್ಬೆಟ್ಟು ಒತ್ತದೆ ಸಹಿ ಮಾಡಿದವಳು ನಾನೇ ಮೊದಲು. ಅತ್ತೆಯ ಮನೆಯವರದು ಸಣ್ಣ ಕಿರಾಣಿ ಅಂಗಡಿ. ಓದು ಬಿಡಿಸುವುದಿಲ್ಲ ಎಂದು ಮದುವೆಯ ಮಾತುಕತೆಯಲ್ಲಿ ಒಪ್ಪಿದ್ದರು. ಬಿ.ಎ. ಕೊನೆಯ ವರ್ಷದಲ್ಲಿ ನಾನು ಬಸುರಾದೆ, ಅವರು ಮಾತಿನಿಂದ ಬಿಡುಗಡೆಯಾದರು.

ಬಸುರಿ ಸೊಸೆಯನ್ನು ಮಂಚದಿಂದ ಇಳಿಸದೆ ಕೂರಿಸುವುದು ಅಂಗಡಿ ಮಂದಿಯ ದೊಡ್ಡಸ್ತಿಕೆ. ಐದನೆಯ ತಿಂಗಳು ಹಿಡಿಯುತ್ತಲೇ ಕಾಲೇಜು ನಿಂತಿತು. ಹಾಜರಿ ಕಡಿಮೆಯಾದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಪ್ರಿನ್ಸಿಪಾಲರು ಹೇಳಿ ಕಳಿಸಿದರು. ಆ ವರ್ಷ ಬಿಟ್ಟರೆ ಮುಂದೆ ಕೂಸು, ಕೂಸಿನ ಹಿಂದೆ ಇನ್ನೊಂದು. ಮತ್ತೆ ಕಾಲೇಜಿನ ಬಾಗಿಲು ಕಾಣುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಮಂಚದ ಮೇಲೆ ಕೂತು ಕೂತು ಕಾಲು ಬಾತವು. ಚಪ್ಪಲಿ ಹಿಡಿಸದಾದಾಗ ನಮ್ಮ ಮನೆಯವರು ನನ್ನನ್ನು ಬಸ್ಸಿನಲ್ಲಿ ಹುಮನಾಬಾದಿನ ಒಬ್ಬ ಡಾಕ್ಟರಬಾಯಿಯ ದವಾಖಾನೆಗೆ ಕರೆದೊಯ್ದರು.

ಆಕೆ ರಕ್ತದ ಒತ್ತಡ ನೋಡಿದಳು, ಹೊಟ್ಟೆ ಮುಟ್ಟಿ ನೋಡಿದಳು.

"ಎಲ್ಲಾ ಬರಾಬರ ಅದ. ಕುಂತೇ ಕಾಲ ಬಾತಾವ. ನೀ ಏನ ಮೂರ್ತಿ ಏನವ್ವಾ, ಕುಂಡ್ರಿಸಿ ಪೂಜಿ ಮಾಡಾಕ? ದಿನಾ ಅರ್ಧ ತಾಸು ನಡಿ."

ಮನೆಯಲ್ಲಿ ಯಾರೂ ನಂಬುವುದಿಲ್ಲ, ಬರೆದು ಕೊಡಿ ಎಂದೆ. ಗಡಿಬಿಡಿಯಲ್ಲಿದ್ದಳು, 'ದಿನಾಲೂ ಲಘು ವ್ಯಾಯಾಮ' ಎಂದು ಚೀಟಿಯ ಮೇಲೆ ಗೀಚಿದಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಆ ಚೀಟಿಯನ್ನು ನಾಲ್ಕು ಸಲ ಓದಿದೆ. ನಮ್ಮ ಮನೆಯಿಂದ ಕಾಲೇಜಿಗೆ ಹೋಗಿ ಬಂದರೆ ಹೆಚ್ಚುಕಡಿಮೆ ಅರ್ಧ ತಾಸು.

ಮನೆಯಲ್ಲಿ ನಮ್ಮ ಮನೆಯವರು ಚೀಟಿ ಓದಿದರು, ಅತ್ತೆ ಕೇಳಿಸಿಕೊಂಡರು.

"ಲಘು ವ್ಯಾಯಾಮ ಅಂದ್ರ ಏನೋ?"

"ಜರಾ ಮೈ ಆಡಿಸೂದು, ನಡಿಯೂದು..."

"ಆಡಿಸಲಿ, ಯಾರ ಬ್ಯಾಡಂದಾರ? ಬಜಾರದಾಗ ಖಾಲಿ ಕೈ ಬೀಸ್ಕೊಂತ ತಿರುಗೂದಕ್ಕಿಂತ ಬಾವಿಯಿಂದ ನಾಕ ಕೊಡ ನೀರ ತಂದರ ಮೈಗೂ ಆತು, ಮನಿಗೂ ಆತು."

ಮರುದಿನವೇ ನಮ್ಮ ಮನೆಗೆ ನೀರು ಹೊರುತ್ತಿದ್ದ ಹೆಂಗಸಿಗೆ, ಸೊಸೆ ಹಡೆಯುವ ತನಕ ಬರಬೇಡ ಎಂದುಬಿಟ್ಟರು. ನಮ್ಮ ಮನೆಯವರು ಚೀಟಿ ಮಡಚಿ ಕಿಸೆಯಲ್ಲಿಟ್ಟುಕೊಂಡರು. ಅವರು ಆಡಬೇಕಾಗಿದ್ದ ಬಹಳಷ್ಟು ಮಾತುಗಳು ಹಾಗೆ ಕಿಸೆಯಲ್ಲೇ ಉಳಿದಿವೆ.

ಕಾಲೇಜು ಎಷ್ಟು ದೂರವೋ ಸೀ ನೀರಿನ ಬಾವಿಯೂ ಅಷ್ಟೇ ದೂರ, ಉಲ್ಟಾ ದಿಕ್ಕಿಗೆ. ಕೊಡ ಹಿಡಿದು ಮನೆಯಿಂದ ಹೊರಟಾಗ ನನ್ನ ಗೆಳತಿಯರು ಆಚೆ ಕಡೆ ಹೋಗುವುದು ಕಾಣುತ್ತಿತ್ತು. ನನ್ನ ತಪ್ಪೂ ಇದೆ, ಮುಚ್ಚಿಡುವುದಿಲ್ಲ. ಹೊಲದವರ ಮಗಳು ನಾನು, ಕೊಡ ನೀರಿಗೆ ಹೆದರಿದರೆ ಅತ್ತೆ ನಕ್ಕಾರು ಎಂಬ ಸೊಕ್ಕು ನನಗಿತ್ತು. ಅವರ ಮುಂದೆ ಸೋಲಬಾರದೆಂದು ಒಂದರ ಮೇಲೊಂದು ಎರಡು ಕೊಡ ಇಟ್ಟುಕೊಂಡು ಬಂದ ದಿನವೂ ಉಂಟು.

ಒಂಬತ್ತನೆಯ ದಿನ ಬಾವಿಯ ಮೆಟ್ಟಿಲ ಮೇಲೆ ಹೊಟ್ಟೆ ಕಲ್ಲಾಯಿತು. ಕೊಡ ಇಳಿಸಿ ಕೂತೆ. ಎದ್ದಾಗ ಸೀರೆಗೆ ರಕ್ತ.

ಬಾಡಿಗೆ ಜೀಪಿನಲ್ಲಿ ಹುಮನಾಬಾದಿಗೆ ಒಯ್ದರು. ಕೂಸಿನ ಎದೆಬಡಿತ ಸಿಕ್ಕಮೇಲೆ ಡಾಕ್ಟರಬಾಯಿ ನಮ್ಮ ಮನೆಯವರ ಕಡೆ ತಿರುಗಿದಳು.

"ನಡಸ್ರಿ ಅಂತ ಹೇಳಿದ್ದೆ. ನೀವು ಕೂಲಿ ಹಚ್ಚೀರಿ. ಓದಿದ ಮನಷ್ಯಾ ಇದ್ದೀರಿ, ಫರಕ ತಿಳಿಯಂಗಿಲ್ಲೇನ್ರಿ?"

ಅವರು ಹತ್ತನೆಯ ತನಕ ಓದಿದ್ದರು.

ಎರಡು ವಾರ ದವಾಖಾನೆಯಲ್ಲೇ ಮಲಗಿದೆ. ಅವ್ವ ಊರಿಂದ ಬಂದು ಕಾಲ ಬಳಿ ಕೂತಳು. ಪಕ್ಕದ ಮಂಚದ ಮುದುಕಿ ಅಂದಳು, "ನಮ್ಮ ಕಾಲದಾಗ ಹೆರೂ ದಿನದ ತನಕಾ ಕಳೆ ತಗೀತಿದ್ದೆವು. ದುಡದಾಕಿ ಹಗುರಾಗಿ ಹಡೀತಾಳ."

ಅವ್ವ ತಲೆ ಎತ್ತಲಿಲ್ಲ. "ಹೌದವ್ವಾ, ಹಡದೆ. ಎರಡು ಹೊಲದಾಗೇ ಹೋದವು. ಅವೂ ಹಗುರೇ ಇದ್ದವು."

ನನಗಿಂತ ಮೊದಲು ಇಬ್ಬರಿದ್ದರೆಂದು ನನಗೆ ತಿಳಿದದ್ದು ಆಗಲೇ. ದುಡಿದವರ ಹೆರಿಗೆ ಹಗುರ ಎಂದು ಇಂದಿಗೂ ಯಾರಾದರೂ ಹೇಳಿದರೆ ನನಗೆ ಮೈ ಉರಿಯುತ್ತದೆ. ಹಾಗೆನ್ನುವವರು ಉಳಿದ ಮಕ್ಕಳನ್ನು ಮಾತ್ರ ನೋಡಿದ್ದಾರೆ.

ರಕ್ತ ಪೂರ್ತಿ ನಿಂತು, ಮತ್ತೆ ಮತ್ತೆ ಪರೀಕ್ಷೆ ಮಾಡಿದ ಮೇಲೆ ಡಾಕ್ಟರಬಾಯಿ ಕುರ್ಚಿ ಎಳೆದುಕೊಂಡು ಕೂತಳು. "ಇದು ನಿನಗ ಹೇಳಾಕತ್ತೇನಿ, ಎಲ್ಲಾರಿಗೂ ಅಲ್ಲ," ಎಂದು ಶುರು ಮಾಡಿದಳು. ಮೊದಲು ಅಂಗಳದಲ್ಲಿ ಐದು ನಿಮಿಷ, ಆಮೇಲೆ ನಿಧಾನ ಹೆಚ್ಚಿಸು. ನಡೆಯುತ್ತ ಮಾತಾಡಲು ಬರಬೇಕು. ಮಾತು ತುಂಡಾಗಿ ಉಸಿರು ಹತ್ತಿದರೆ ನೀನು ಜೋರು ನಡೆದಿದ್ದೀ ಎಂದು ತಿಳಿ. ಬಿಸಿಲೇರುವ ಮೊದಲು ಹೋಗು, ನೀರು ಕುಡಿ. ಭಾರ ಎತ್ತಬೇಡ. ಇನ್ನು ಮುಂದೆ ಅಂಗಾತ ಬಹಳ ಹೊತ್ತು ಮಲಗಬೇಡ, ಮಗ್ಗುಲಾಗು. ರಕ್ತ ಕಂಡರೆ, ನೀರು ಸೋರಿದರೆ, ಹೊಟ್ಟೆ ನೋವು, ತಲೆ ತಿರುಗುವುದು ಏನಾದರೂ ಆದರೆ, ಕೂಸು ಆಡುವುದು ಕಡಿಮೆಯಾದರೆ, ಅಲ್ಲೇ ನಿಲ್ಲಿಸಿ ನನ್ನ ಹತ್ತಿರ ಬಾ.

"ಈ ಸಲ ಬಿಡಿಸಿ ಬರೀರಿ ಬಾಯಿ," ಅಂದೆ.

"ಬರದೇನಿ. ಖಾಲಿ ಕೈಲೆ ನಡೀಬೇಕು ಅಂತ ದಪ್ಪ ಅಕ್ಷರದಾಗ ಬರದೇನಿ."

"ಎಲ್ಲಿ ತನಕಾ ಅಂತನೂ ಬರೀರಿ. ನಮ್ಮ ಮನಿಯಿಂದ ಕಾಲೇಜ ತನಕಾ."

ಆಕೆ ಪೆನ್ನು ಹಿಡಿದು ನನ್ನ ಮುಖ ನೋಡಿದಳು. "ಭಾಳ ಶಾಣ್ಯಾ ಇದ್ದೀ," ಎಂದಳು. ಬರೆದಳು. ಸಹಿ ಮಾಡಿ ಮೊಹರು ಒತ್ತಿದಳು.

ಮೊಹರಿಗೆ ನಮ್ಮ ಮಂದಿ ಅಂಜುತ್ತಾರೆ. ಅತ್ತೆ ಮೂರು ದಿನ ನನ್ನ ಜೊತೆ ಮಾತು ಬಿಟ್ಟರು. ಮೊಹರಿನ ಚೀಟಿ ನೋಡಿದ ಪ್ರಿನ್ಸಿಪಾಲರು, ತಪ್ಪಿದ ದಿನಗಳನ್ನು ಮನ್ನಿಸುತ್ತೇನೆ, ಬರಲು ಶುರು ಮಾಡಿದ ಮೇಲೆ ಒಂದು ದಿನವೂ ತಪ್ಪಕೂಡದು ಎಂದರು. ಅಂಗಳದ ಸುತ್ತು ಮುಗಿಸಿ, ಡಾಕ್ಟರಬಾಯಿ ಹ್ಞೂಂ ಎಂದ ಮೇಲೆ ಕಾಲೇಜಿನ ದಾರಿ ಹಿಡಿದೆ. ನಮ್ಮ ಮನೆಯವರು ನನ್ನ ಬುಕ್ಕುಗಳನ್ನು ಹೊತ್ತು ಹತ್ತು ಹೆಜ್ಜೆ ಮುಂದೆ ಹೋಗುತ್ತಿದ್ದರು, ಯಾರದೋ ಬುಕ್ಕು ಎಂಬಂತೆ. ಬಜಾರದ ಕಟ್ಟೆಯ ಮೇಲೆ ಕೂತವರಿಗೆ ದಿನಾ ತಮಾಷೆ.

"ನೋಡ್ರೋ, ಇಬ್ಬರು ಕಲಿಯಾಕ ಹೊಂಟಾರ, ಫೀ ಒಬ್ಬರದೇ!"

ಉತ್ತರ ಕೊಡಲು ನನಗೆ ಬರುತ್ತಿತ್ತು. ಅದರ ಬದಲು ಬುಕ್ಕಿನ ಪಾಠವನ್ನು ಬಾಯಲ್ಲೇ ಹೇಳುತ್ತ ನಡೆದೆ. ಮಾತು ತುಂಡಾದರೆ ನಿಂತೆ. ಡಾಕ್ಟರಬಾಯಿಯ ಲೆಕ್ಕವೂ ಆಯಿತು, ಓದೂ ಆಯಿತು. ಎಂಟು ತಿಂಗಳು ತುಂಬಿದಾಗ ಪರೀಕ್ಷೆ. ಮೇಜಿಗೆ ಹೊಟ್ಟೆ ತಾಗುತ್ತದೆಂದು ಅಡ್ಡ ಕೂತು ಬರೆದೆ. ನಡುನಡುವೆ ಎದ್ದು ನಿಂತರೆ ಮೇಲ್ವಿಚಾರಕರು ಹತ್ತಿರ ಬಂದು ಸೆರಗಿನಲ್ಲಿ ಕಾಪಿ ಚೀಟಿ ಇದೆಯೇ ಎಂದು ಕಣ್ಣಾಡಿಸುತ್ತಿದ್ದರು.

ಹುಮನಾಬಾದಿನ ದವಾಖಾನೆಯಲ್ಲೇ ಹಡೆದೆ. ಒಂದು ಹಗಲು, ಒಂದು ರಾತ್ರಿ, ಮತ್ತೊಂದು ಅರ್ಧ ಹಗಲು. ಹಗುರವೇನೂ ಆಗಿರಲಿಲ್ಲ. ಹೆಣ್ಣು ಕೂಸು. ನೋಡಲು ಬಂದ ಅತ್ತೆ, "ಇಷ್ಟೆಲ್ಲಾ ಮಾಡಿ ಇದಕ್ಕೇನು?" ಎಂದರು.

ಫಲಿತಾಂಶ ಬಂತು, ಸೆಕೆಂಡ್ ಕ್ಲಾಸ್. ಸರ್ಟಿಫಿಕೇಟು ತರಲು ಹೋದ ದಿನ ಕೂಸನ್ನು ಹಿಡಿಯಲು ಅತ್ತೆ ಜೊತೆಗೆ ಬಂದರು. ಅವರು ಆ ಕಾಲೇಜಿನ ಒಳಗೆ ಕಾಲಿಟ್ಟದ್ದು ಅದೇ ಮೊದಲು. ರಿಜಿಸ್ಟರಿನಲ್ಲಿ ಸಹಿ ಮಾಡಿದೆ. ಗುಮಾಸ್ತರು ಹಾಳೆಯನ್ನು ನನ್ನ ಕೈಗೆ ಕೊಡುತ್ತ ಕೇಳಿದರು:

"ಹೊಟ್ಟಿ ಮುಂದ ಮಾಡ್ಕೊಂಡು ದಿನಾ ನಡಕೊಂತ ಬರ್ತಿದ್ದಾಕಿ ನೀವೇ ಅಲ್ಲೇನ್ರಿ?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಕೂಸನ್ನು ಭುಜಕ್ಕೆ ಹಾಕಿಕೊಂಡು ಮುಂದೆ ಬಂದರು.

"ಹೌದ್ರಿ, ನಮ್ಮ ಸೊಸಿನೇ. ಬಸುರಿದ್ದಾಗ ನಾ ಸುಮ್ನ ಕುಂಡ್ರಾಕ ಬಿಡಲಿಲ್ಲ, ನೀರ ಹೊರಿಸಿದೆ. ಅದಕ್ಕೇ ಹಗುರಾಗಿ ಹಡದಳು, ಈ ಕಾಗದನೂ ಬಂತು."