ಹನ್ನೆರಡು ಡಬ್ಬಿಗಳ ಜ್ಯೋತಕ್ಕ

ಗಿರ್ರೆನ್ನುವ ಸದ್ದಿಗೆ ಗಲ್ಲಿಯ ನಾಯಿಯೊಂದು ತಲೆಯೆತ್ತಿ ನೋಡಿ ಮತ್ತೆ ಮಲಗುತ್ತದೆ. ಚಳ್ಳಕೆರೆ ಬಸ್ ನಿಲ್ದಾಣದ ಹಿಂದಿರುವ ಈ ಪಾತ್ರೆ ಅಂಗಡಿ ಇನ್ನೂ ಅರ್ಧ ಬಾಗಿಲು ತೆರೆದಿದೆ, ಅಷ್ಟೇ. ಕಟ್ಟೆಯ ಮೇಲೆ ಗೋಣಿತಾಟು ಹಾಸಿಕೊಂಡು ಕೂತ ಜ್ಯೋತಿಲಕ್ಷ್ಮಿ, ಮೊಣಕಾಲ ಸಂದಿಯಲ್ಲಿ ಸ್ಟೀಲಿನ ಕೊಡವೊಂದನ್ನು ಅವುಚಿ ಹಿಡಿದು, ಪೆನ್ನಿನಂಥ ಮಿಷನ್ನಿನಿಂದ ಅದರ ಕಂಠಕ್ಕೆ ಹೆಸರು ಹಾಕುತ್ತಿದ್ದಾರೆ. ನಾಯಕನಹಟ್ಟಿಯ ಮದುವೆ ಮನೆಯ ಪಾತ್ರೆಗಳು, ಮೊದಲ ಬಸ್ಸಿಗೆ ಹೋಗಬೇಕು. ಎಣ್ಣೆ ಮಿಲ್ಲಿನ ಕಡೆಯಿಂದ ಶೇಂಗಾ ಹಿಂಡಿಯ ವಾಸನೆ ಬರುತ್ತಿದೆ.

ಬೆಳಗಿನ ನಿದ್ದೆಗಾಗಿ ಪ್ರಾಣ ಬಿಡುವ ನನ್ನಂಥವನನ್ನು ಈ ಹೊತ್ತಿಗೆ ಇಲ್ಲಿ ತಂದು ಕೂರಿಸಿರುವುದು ಈ ಹೆಸರು ಹಾಕುವ ಕೆಲಸವಲ್ಲ. ಅವರ ಪಕ್ಕದ ಚೀಲದಲ್ಲಿ ಒಂದು ಹಳೇ ಲ್ಯಾಪ್‌ಟಾಪ್ ಇದೆ. ಬಿಟ್‌ಕಾಯಿನ್‌ನಂಥ ಕಣ್ಣಿಗೆ ಕಾಣದ ನಾಣ್ಯವನ್ನು ಫೋನಿನಲ್ಲಿ ಇಟ್ಟುಕೊಂಡು, ಆಮೇಲೆ ಫೋನನ್ನೇ ಕಳೆದುಕೊಂಡು ಕಂಗಾಲಾದವರು ಹುಡುಕಿಕೊಂಡು ಬರುವುದು ಆ ಲ್ಯಾಪ್‌ಟಾಪನ್ನು. ಹಾಗೆ ಕಳೆದುಹೋದ ವ್ಯಾಲೆಟ್ಟನ್ನು, ಅಂದರೆ ಆ ನಾಣ್ಯದ ಪೆಟ್ಟಿಗೆಯನ್ನು, ಜ್ಯೋತಿಲಕ್ಷ್ಮಿ ಮತ್ತೆ ತೆರೆದುಕೊಡುತ್ತಾರೆ. ಪಾತ್ರೆಗೆ ಹೆಸರು ಹಾಕುವವರಿಗೂ ಇದಕ್ಕೂ ಎತ್ತಣಿಂದೆತ್ತ ಸಂಬಂಧ ಎಂದು ನನಗೂ ಅನಿಸಿತ್ತು.

ಸಂಬಂಧ ಸುತ್ತಿ ಬಂದದ್ದೇನಲ್ಲ. ಪಿಯುಸಿ ಮುಗಿಸಿ ಮನೆಯಲ್ಲಿದ್ದ ಹುಡುಗಿಗೆ ಅಂಗಡಿ ಮಾಲೀಕ ಚಿಕ್ಕಬಸಪ್ಪನವರು ಮಿಷನ್ ಕೈಗೆ ಕೊಟ್ಟು, ಅಕ್ಷರ ದುಂಡಗಿವೆ ಎಂದು ಕಟ್ಟೆಯ ಮೂಲೆಯೊಂದನ್ನು ಬಿಟ್ಟುಕೊಟ್ಟರು. ವರ್ಷಗಟ್ಟಲೆ ಹೆಸರು ಹಾಕಿದ್ದೇ ಹಾಕಿದ್ದು. ಒಂದು ದಿನ ಮೊಳಕಾಲ್ಮೂರಿನ ರೇಷ್ಮೆ ಸೀರೆ ವ್ಯಾಪಾರಿ ಶಶಿಕಾಂತ್ ಸ್ಟೀಲಿನ ತಗಡೊಂದನ್ನು ಹಿಡಿದು ಬಂದು, ಅದರ ಮೇಲೆ ಒಂದಕ್ಕೊಂದು ತಾಳಮೇಳವಿಲ್ಲದ ಹನ್ನೆರಡು ಇಂಗ್ಲಿಷ್ ಪದ ಕೆತ್ತಿಸಿಕೊಂಡರು. ಕಾಗದವಾದರೆ ಗೆದ್ದಲು ತಿನ್ನುತ್ತದೆ, ತಗಡಿಗೆ ಏನಾಗುತ್ತದೆ ಎಂಬುದು ಅವರ ಲೆಕ್ಕ. ವ್ಯಾಲೆಟ್ಟಿನ ಬೀಗದಕೈ ಆ ಪದಗಳೇ. ಫೋನು ಹೋದರೂ ಅದೇ ಸಾಲಿನಲ್ಲಿ ಅವನ್ನು ಕೊಟ್ಟರೆ ಬೇರೆ ಕಡೆ ಬೀಗ ತೆರೆಯುತ್ತದೆ. ಅದನ್ನು ಸೀಡ್ ಫ್ರೇಸ್ ಎನ್ನುತ್ತಾರೆ.

"ಇದ್ಯಾವ ಮಂತ್ರ ಸಾರ್ ಅಂತ ಕೇಳ್ದೆ. ಪಾಪ, ಕೂತ್ಕಂಡು ಎಲ್ಲ ಹೇಳಿದ್ರು. ನಂಗೆ ಹುಚ್ಚು ಹತ್ತಿಬಿಡ್ತು ನೋಡ್ರಿ. ಫೋನಿನಾಗೆ ಓದಿದ್ದೇ ಓದಿದ್ದು. ಸಾರು ಸೀದು ಹೋದ್ರೂ ಖಬರಿಲ್ಲ" ಎಂದು ಜ್ಯೋತಿಲಕ್ಷ್ಮಿ ನಗುತ್ತಾರೆ.

ನಗುವಾಗಲೂ ಬಲಗೈಯನ್ನು ಎಡಗೈಯಿಂದ ನೀವಿಕೊಳ್ಳುತ್ತಲೇ ಇರುತ್ತಾರೆ. ಮಿಷನ್ನಿನ ನಡುಕಕ್ಕೆ ಬೆರಳುಗಳು ಜೋಮು ಹಿಡಿದಿವೆ. ಮದುವೆ ಕಾಲದಲ್ಲಿ ದಿನಕ್ಕೆ ಇನ್ನೂರು ಪಾತ್ರೆಗೆ ಹೆಸರು ಹಾಕಿದ ಮೇಲೆ ರೊಟ್ಟಿ ತಟ್ಟಲು ಆಗುವುದಿಲ್ಲವಂತೆ. ಗಂಡ ಮಿಲ್ಲಿನಲ್ಲಿ ಹಮಾಲಿ ಮಾಡುತ್ತಾರೆ, ರಾತ್ರಿಯ ರೊಟ್ಟಿ ಅವರದೇ. "ದಪ್ಪ ಆಗ್ತಾವೆ. ಬಾಯಿ ಮುಚ್ಕಂಡು ತಿಂತೀನಿ" ಎನ್ನುತ್ತಾರೆ.

ವ್ಯಾಲೆಟ್ ಕೆಲಸ ವಾರಕ್ಕೆ ಒಂದೋ ಎರಡೋ. ಪದಗಳನ್ನೇ ಕಳೆದುಕೊಂಡು ಬಂದವರಿಗೆ ಚಾ ಕುಡಿಸಿ ಕಳಿಸುತ್ತಾರೆ, ಬೇರೇನೂ ಮಾಡುವಂತಿಲ್ಲ. ತೆರೆದುಕೊಡುತ್ತೇವೆಂದು ಪದ ಕೇಳುವವರಲ್ಲಿ ಕಳ್ಳರೇ ಹೆಚ್ಚು ಎಂದು ಅವರೇ ಎಚ್ಚರಿಸುತ್ತಾರೆ. ಹಾಗಾದರೆ ನಿಮ್ಮನ್ನು ನಂಬುವುದು ಹೇಗೆ ಎಂದು ನಾನು ಸುಮ್ಮನೆ ಕಾಲೆಳೆದೆ.

"ನಂಬಬ್ಯಾಡ್ರಿ! ಅದಕ್ಕೇ ಬಂದೋರು ಪಕ್ಕದಾಗೇ ಕೂತಿರ್ಬೇಕು ಅನ್ನೋದು. ಲ್ಯಾಪ್‌ಟಾಪಿಗೆ ನೆಟ್ ಹಾಕ್ಸಿಲ್ಲ, ದುಡ್ಡು ಐತೋ ಇಲ್ವೋ ಅನ್ನಾದು ಮಾತ್ರ ಫೋನಿನಾಗೆ ನೋಡ್ತೀನಿ. ತೆಗ್ದ ತಕ್ಷಣ ಹೊಸಾ ವ್ಯಾಲೆಟ್ಟಿಗೆ ಎಲ್ಲಾನೂ ಸಾಗಿಸ್ಬೇಕು. ಆ ಹೊಸಾ ಪದ ಅವರೇ ಬರ್ಕೋಬೇಕು, ನಾನು ಗ್ವಾಡೆ ಕಡೆ ತಿರುಗ್ತೀನಿ."

ಅಷ್ಟರಲ್ಲಿ ದೇವಸಮುದ್ರದ ಬಸ್ಸಿನಿಂದಿಳಿದ ಇಬ್ಬರು ಹೆಂಗಸರು ಕಟ್ಟೆಯ ಮುಂದೆ ನಿಲ್ಲುತ್ತಾರೆ. ಚೀಲ ಹೊತ್ತವರು ಗೀತಮ್ಮ. ಹಿಂದೆ ಮುಖ ಗಂಟಿಕ್ಕಿಕೊಂಡು ನಿಂತವರು ಅವರ ಅತ್ತೆ ಬೋರಕ್ಕ. ಚೀಲದೊಳಗೆ ಸ್ಟೀಲಿನ ಡಬ್ಬಿಗಳು, ದೊಡ್ಡದರಿಂದ ಚಿಕ್ಕದಕ್ಕೆ ಹನ್ನೆರಡು. ಒಂದೊಂದರ ತಳದಲ್ಲೂ ಒಂದೊಂದು ಇಂಗ್ಲಿಷ್ ಪದ.

ಗೀತಮ್ಮನ ಗಂಡ ಪ್ರಭು ಶೇಂಗಾ ಲೋಡಿನ ಗಾಡಿ ಓಡಿಸುತ್ತಿದ್ದವರು. ತವರಿನವರು ಕೊಟ್ಟ ಡಬ್ಬಿಗಳಿಗೆ ಹೆಸರು ಹಾಕಿಸಿಕೊಂಡು ಬರುತ್ತೇನೆಂದು ಒಯ್ದು, ಇದೇ ಜ್ಯೋತಿಲಕ್ಷ್ಮಿಯ ಕೈಯಲ್ಲಿ ತಮ್ಮ ಸೀಡ್ ಫ್ರೇಸ್ ಕೆತ್ತಿಸಿಕೊಂಡು ಹೋಗಿದ್ದರು. "ನನ್ ಹೆಸ್ರು ಹಾಕ್ಸಾದು ಬಿಟ್ಟು ಇಂಗ್ಲಿಷ್ ಹಾಕ್ಸ್ಕಂಡು ಬಂದಾನೆ ಅಂತ ನಾನು ಮಾತೇ ಬಿಟ್ಟಿದ್ದೆ ಸಾರ್" ಎನ್ನುತ್ತಾರೆ ಗೀತಮ್ಮ. "ದೊಡ್ಡದ್ರಿಂದ ಸಣ್ಣದಕ್ಕೆ ಸಾಲಾಗಿ ಇಟ್ಟಿರು, ಯಾವುದನ್ನೂ ಯಾರಿಗೂ ಕೊಡಬ್ಯಾಡ ಅಂದಿದ್ದ. ಯಾಕೆ ಅಂತ ನಾನು ಕೇಳ್ಲೇ ಇಲ್ಲ."

ಹೋದ ವರ್ಷ ಹೆದ್ದಾರಿಯಲ್ಲಿ ಪ್ರಭು ತೀರಿಕೊಂಡರು. ಜೇಬಿನಲ್ಲಿದ್ದ ಫೋನೂ ಪುಡಿಯಾಯಿತು.

ಈ ಮನೆಯ ಸಂಕಟ ಬರೀ ದುಡ್ಡಿನದಲ್ಲ. ಮೊಣಕಾಲು ಸೋತ ಬೋರಕ್ಕನಿಂದ ಕುರಿ ಕಾಯಲಾಗದೆ ಹೋದಾಗ, ಪ್ರಭು ತಾಯಿಯ ಹಿಂಡನ್ನು ಮಾರಿ ಆ ದುಡ್ಡನ್ನು ಬಿಟ್‌ಕಾಯಿನ್‌ಗೆ ಹಾಕಿದ್ದರು. "ಅವ್ವಾ, ಕುರಿ ಬ್ಯಾರೆ ಕಡೆ ಮೇಯ್ತಾವೆ ಬಿಡು" ಎಂದಷ್ಟೇ ಹೇಳಿದ್ದರಂತೆ. ಮಗ ಫೋನಿನ ಜೂಜಿಗೆ ಕುರಿ ಹಾಕಿ ಕಳೆದ ಎಂದು ಊರು ಆಡಿಕೊಂಡಿತು, ತಾಯಿಯೂ ನಂಬಿದಳು. ಹಿರಿಯರ ಹಬ್ಬದ ದಿನ ಸತ್ತವರಿಗೆಲ್ಲ ಎಡೆ ಇಟ್ಟ ಬೋರಕ್ಕ ಸ್ವಂತ ಮಗನಿಗೆ ಎಡೆ ಇಡಲಿಲ್ಲ. ಗೀತಮ್ಮ ಕಾಲು ಹಿಡಿದರೂ ಇಡಲಿಲ್ಲ. ಡಬ್ಬಿಯ ಪದಗಳೇನೆಂದು ಕೆತ್ತಿದವರನ್ನೇ ಕೇಳಿ ತಿಳಿದ ಗೀತಮ್ಮ, ಆ ಒಂದು ಎಡೆಗಾಗಿ ಈ ಕಟ್ಟೆಗೆ ಎಡತಾಕುತ್ತಿದ್ದಾರೆ. "ದುಡ್ಡು ಬರ್ಲಿ ಬಿಡ್ಲಿ, ನನ್ ಗಂಡ ಜೂಜುಕೋರ ಅಲ್ಲ ಅಂತ ಅತ್ತೆ ಬಾಯಾಗೆ ಬರ್ಬೇಕು."

ಮೊದಲು ಬಂದಾಗ ಡಬ್ಬಿಗಳು ಹನ್ನೊಂದೇ ಇದ್ದವು. ಹುಣಸೆಹಣ್ಣು ತುಂಬಿಸಿಕೊಂಡು ಬಿ.ಜಿ. ಕೆರೆಯ ನಾದಿನಿ ಜಗದಾಂಬನ ಮನೆಗೆ ಹೋಗಿದ್ದ ಇನ್ನೊಂದು ಅಲ್ಲೇ ಉಳಿದಿತ್ತು. ಡಬ್ಬಿಯನ್ನು ಖಾಲಿ ವಾಪಸು ಕೊಡಬಾರದಲ್ಲ, ಕೊಟ್ಟು ಕಳಿಸಲು ಏನಾದರೂ ಮಾಡೋಣವೆಂದು ಜಗದಾಂಬ ಇಟ್ಟುಕೊಂಡದ್ದು ಹಾಗೇ ಮರೆತಿದ್ದರು. ಗೀತಮ್ಮ ಹೋಗಿ ಕೇಳಿದಾಗ ಬೆಲ್ಲ ತುಂಬಿ ಕೊಟ್ಟರು. ಬೆಲ್ಲ ಈಗಲೂ ಡಬ್ಬಿಯಲ್ಲೇ ಇದೆ, ನನಗೂ ಒಂದು ಚೂರು ಸಿಕ್ಕಿತು.

"ಸಾರ್, ನೀವು ರಸ್ತೆ ಕಡೆ ಮುಖ ಮಾಡ್ರಿ" ಎಂದು ಅಪ್ಪಣೆಯಾಗುತ್ತದೆ. ಪತ್ರಿಕೆಯವನೆಂಬ ರಿಯಾಯಿತಿಯೇನೂ ಇಲ್ಲ. ತಿರುಗಿ ಕೂರುತ್ತೇನೆ. ಚಳ್ಳಕೆರೆಯ ಚರಂಡಿಯನ್ನು ಇಷ್ಟು ಹೊತ್ತು ನಾನು ಜನ್ಮದಲ್ಲಿ ದಿಟ್ಟಿಸಿಲ್ಲ. ಬೆನ್ನ ಹಿಂದೆ ಗೀತಮ್ಮ ಡಬ್ಬಿಗಳನ್ನು ಮಗುಚಿ ಸಾಲಾಗಿ ಇಡುವ ಸದ್ದು, ಕೀಲಿಗಳ ಟಕಟಕ.

"ಪದ ಸರಿ ಅದಾವೆ. ಸಾಲೂ ಸರಿ ಐತೆ" ಎನ್ನುತ್ತಾರೆ ಜ್ಯೋತಿಲಕ್ಷ್ಮಿ. ಗೀತಮ್ಮ ಜೋರಾಗಿ ಉಸಿರು ಬಿಡುತ್ತಾರೆ. ಕೀಲಿಗಳು ಮತ್ತೆ ಟಕಟಕಿಸುತ್ತವೆ. ಕೊನೆಗೆ ಜ್ಯೋತಿಲಕ್ಷ್ಮಿ ಸಣ್ಣ ದನಿಯಲ್ಲಿ, "ಖಾಲಿ ತೋರಿಸ್ತೈತೆ."

"ನಾನೇನು ಹೇಳಿದ್ದೆ?" ಬೋರಕ್ಕ ಸಿಡಿಯುತ್ತಾರೆ. "ನುಂಗಿ ನೀರು ಕುಡ್ದಾನೆ. ಎದ್ದೇಳೇ ಗೀತಾ, ಬಸ್ಸು ತಪ್ತೈತೆ. ಈ ಡಬ್ಬಿ ಹೊತ್ಕಂಡು ಇನ್ನೊಂದ್ಸಲ ನೀ ಹೊಸ್ಲು ದಾಟಿದ್ರೆ ನೋಡು ಮತ್ತೆ."

"ದೊಡ್ಡವ್ವಾ, ಒಂದೀಟು ಕೂತ್ಕಳ್ರಿ" ಎಂದು ಜ್ಯೋತಿಲಕ್ಷ್ಮಿ ಅವರ ಸೆರಗು ಹಿಡಿದು ಕೂರಿಸುತ್ತಾರೆ. ಅವರು ಅವಸರ ಮಾಡುವವರಲ್ಲ. ಪದ ಸರಿಯಿದ್ದೂ ಖಾಲಿ ಕಂಡರೆ ಕೆಲಸ ಈಗ ಶುರುವಾಯಿತು ಎಂದು ಅವರಿಗೆ ಗೊತ್ತು. ನನಗೂ ಕೇಳಲಿ ಎಂದು ಸ್ವಲ್ಪ ಗಟ್ಟಿಯಾಗಿಯೇ ವಿವರಿಸುತ್ತಾರೆ.

"ಹನ್ನೆರಡು ಪದ ಸಿಕ್ರೆ ಊರು ಸಿಕ್ಕಂಗೆ. ಊರಾಗೆ ಯಾವ ಬೀದಿ, ಎಷ್ಟನೇ ಮನೆ ಅಂತ ಗೊತ್ತಾಗ್ಬೇಕಲ್ಲ? ಅದಕ್ಕೊಂದು ದಾರಿ ಇರ್ತೈತೆ, ಡೆರಿವೇಶನ್ ಪಾತ್ ಅಂತಾರೆ. ದಾರಿ ಒಂಚೂರು ಬ್ಯಾರೆ ಆದ್ರೂ ಖಾಲಿ ಮನೆ ಕಾಣ್ತೈತೆ. ಜನ ಎದೆ ಬಡ್ಕಂತಾರೆ. ದುಡ್ಡು ಪಕ್ಕದ ಮನ್ಯಾಗೇ ಇರ್ತೈತೆ."

ಒಂದೊಂದೇ ಬೀದಿ ನೋಡುತ್ತಾರೆ. ಹಳೇ ಬಗೆಯ ವ್ಯಾಲೆಟ್ಟುಗಳ ದಾರಿ, ನಡುವೆ ಬಂದ ದಾರಿ, ಈಚಿನ ದಾರಿ. ಎಲ್ಲವೂ ಖಾಲಿ. ಒಳಗಿಂದ ಚಿಕ್ಕಬಸಪ್ಪನವರು ಎಲ್ಲರಿಗೂ ಚಾ ಕಳಿಸುತ್ತಾರೆ. ಈಗ ತಿರುಗಿ ಕೂರಲು ನನಗೆ ಅಪ್ಪಣೆ ಸಿಗುತ್ತದೆ.

ಬೋರಕ್ಕ ಲೋಟ ತೆಗೆದುಕೊಂಡು, ಬಾಯಿಗಿಡುವ ಮುಂಚೆ ಎರಡು ಹನಿ ನೆಲಕ್ಕೆ ಬಿಡುತ್ತಾರೆ. ಸಿಟ್ಟಿನಲ್ಲೂ ಬಿಡುತ್ತಾರೆ. ಅದೇಕೆ ಎಂದು ಕೇಳಿದವನು ನಾನೇ, ಸುಮ್ಮನಿರಲಾರದ ಬಾಯಿ ನನ್ನದು.

"ನಮ್ ಮನ್ಯಾಗೆ ಮೊದಲ್ನೇದು ನಮ್ದಲ್ಲಪ್ಪ. ದೇವ್ರ ಮೀಸಲು. ಮೊದಲ್ನೇ ಹಾಲು, ಮೊದಲ್ನೇ ತೆನೆ, ಮೊದಲ್ನೇ ಮರಿ, ಯಾವುದಕ್ಕೂ ನಾವು ಕೈ ಹಚ್ಚಂಗಿಲ್ಲ." ಬೋರಕ್ಕನ ದನಿ ತಾನಾಗಿ ಇಳಿಯುತ್ತದೆ. "ಪ್ರಭು ಸಣ್ಣೋನಿದ್ದಾಗ ಹಂಚಿನ ಮ್ಯಾಲಿನ ಮೊದಲ್ನೇ ರೊಟ್ಟಿ ಮುರ್ಕಂಡ. ಕೈ ಮ್ಯಾಲೆ ಬಾರಿಸಿದ್ದೆ. ಅವತ್ತಿಂದ ಮೊದಲ್ನೇದು ಅಂದ್ರೆ ಸಾಕು, ಹಿಂದಕ್ಕೆ ಸರಿಯೋನು. ಬಸ್ಸಿನಾಗೆ ಮೊದಲ್ನೇ ಸೀಟಿಗೂ ಕೂರ್ತಿರ್ಲಿಲ್ಲ ಹುಚ್ಚಪ್ಪ."

ಗೀತಮ್ಮ ಅಳುತ್ತಲೇ ನಗುತ್ತಾರೆ. "ಹೌದು ಸಾರ್. ಹೊಸಾ ಸೋಪಿನ ಪ್ಯಾಕೆಟ್ ಒಡೆದ್ರೂ ಎರಡನೇ ಸೋಪು ತಗಳೋನು."

ಜ್ಯೋತಿಲಕ್ಷ್ಮಿ ಚಾ ಲೋಟ ಕೆಳಗಿಡುತ್ತಾರೆ. ಒಂದು ವ್ಯಾಲೆಟ್ಟಿನಲ್ಲಿ ಎಷ್ಟು ಖಾತೆಗಳನ್ನಾದರೂ ತೆರೆಯಬಹುದು. ಆದರೆ ಹುಡುಕುವ ಸಾಫ್ಟ್‌ವೇರ್ ಮೊದಲನೇ ಖಾತೆಯ ಬಾಗಿಲು ಬಡಿಯುತ್ತದೆ. ಅಲ್ಲಿ ಯಾವತ್ತೂ ವ್ಯವಹಾರ ನಡೆದಿಲ್ಲವೆಂದರೆ ಮುಂದಿನ ಮನೆಗೆ ಹೋಗುವುದೇ ಇಲ್ಲ, ಬೀದಿಯೇ ಖಾಲಿ ಎಂದು ಹಿಂದಿರುಗುತ್ತದೆ. ಮೊದಲನೆಯದನ್ನು ಬಿಟ್ಟು ಎರಡನೆಯದರಲ್ಲಿ ದುಡ್ಡಿಡುವವರು ಈ ಪ್ರಪಂಚದಲ್ಲಿ ಯಾರಿರುತ್ತಾರೆ ಎಂಬುದು ಅದನ್ನು ಮಾಡಿದವರ ಲೆಕ್ಕ. ಅವರು ದೇವಸಮುದ್ರ ನೋಡಿದವರಲ್ಲ.

ಜ್ಯೋತಿಲಕ್ಷ್ಮಿ ಆ ಡೆರಿವೇಶನ್ ದಾರಿಯಲ್ಲಿ ಖಾತೆಯ ಅಂಕಿಯನ್ನು ಎರಡನೆಯದಕ್ಕೆ ಬದಲಿಸುತ್ತಾರೆ. ಲ್ಯಾಪ್‌ಟಾಪಿನಲ್ಲಿ ಮೂಡಿದ ವಿಳಾಸವನ್ನು ತಮ್ಮ ಫೋನಿನಲ್ಲಿ ಹುಡುಕುತ್ತಾರೆ. ಜೋಮು ಹಿಡಿದ ಬೆರಳುಗಳು ಎರಡು ಸಲ ತಪ್ಪುತ್ತವೆ. ಮೂರನೇ ಸಲ ಪರದೆ ನೋಡಿ, ಕಣ್ಣೊರೆಸಿಕೊಂಡು, ಮತ್ತೆ ನೋಡುತ್ತಾರೆ.

"ದೊಡ್ಡವ್ವಾ, ನಿಮ್ ಕುರಿ ಎಲ್ಲೂ ಹೋಗಿಲ್ರಿ. ಎಲ್ಲಾ ಅಲ್ಲೇ ಅದಾವೆ. ಒಂದನ್ನೂ ಮಾರಿಲ್ಲ ನಿಮ್ ಮಗ."

ಬೋರಕ್ಕನಿಗೆ ಅಂಕಿ ಓದಲು ಬರುವುದಿಲ್ಲ. ಆದರೂ ಫೋನನ್ನು ಎರಡು ಕೈಯಲ್ಲಿ ಹಿಡಿದುಕೊಳ್ಳುತ್ತಾರೆ. "ಮೊದಲ್ನೇ ಮನ್ಯಾಗೆ ಏನೂ ಇಕ್ಕಿರ್ಲಿಲ್ವೇನಮ್ಮಾ?" ಎಂದು ಕೇಳುತ್ತಾರೆ.

"ಇಲ್ರಿ. ಅದನ್ನ ಮುಟ್ಟೇ ಇಲ್ಲ."

"ಅಯ್ಯೋ ದೇವುಡಾ" ಎನ್ನುತ್ತಾರೆ ಬೋರಕ್ಕ, ಗಡಿಯಾಚೆಯ ತಮ್ಮ ತವರಿನ ತೆಲುಗಿನಲ್ಲಿ.

ಎಷ್ಟಿತ್ತು ಎಂದು ನಾನು ಕೇಳಿದೆ. "ಅದು ಅವರ ಮನೆ ಮಾತು" ಎಂದು ಜ್ಯೋತಿಲಕ್ಷ್ಮಿ ಬಾಯಿ ಮುಚ್ಚಿಸಿದರು. ಗೀತಮ್ಮನ ಫೋನಿನಲ್ಲಿ ಹೊಸ ವ್ಯಾಲೆಟ್ ತೆರೆದುಕೊಟ್ಟು, ಪದ ಬರೆದುಕೊಳ್ಳುವ ಹೊತ್ತಿಗೆ ನನ್ನ ಭುಜ ಹಿಡಿದು ನನ್ನನ್ನೂ ತಿರುಗಿಸಿ, ತಾವೂ ಗೋಡೆ ಕಡೆ ಮುಖ ಮಾಡಿ ಕೂರುತ್ತಾರೆ. ಹೆಸರು ಹಾಕುವ ಕೆಲಸದಷ್ಟೇ ಕೂಲಿ ಸಾಕೆನ್ನುವ ಈ ಹೆಂಗಸಿಗೆ ಏನಾದರೂ ಆಸೆ ಇರಬೇಕಲ್ಲ ಎಂದು ಆ ಸಂದಿನಲ್ಲಿ ಕೆಣಕುತ್ತೇನೆ.

"ಗಂಡಸ್ರು ಮನ್ಯಾಗೆ ಒಂದ್ ಮಾತು ಹೇಳ್ಬೇಕು ಸಾರ್, ಅಷ್ಟೇ. ಪದ ಹೇಳಾದು ಬ್ಯಾಡ. ಎಲ್ಲಿಟ್ಟೀನಿ, ಯಾವ ದಾರಿ ಅಂತ ಹೇಳಿದ್ರೆ ಸಾಕು. ಈ ತಾಯಿ ಒಂದು ವರ್ಷ ಮಗನ್ನ ಬೈಯೋದು ತಪ್ತಿತ್ತು." ಆಮೇಲೆ ಗೋಡೆಗೇ ಹೇಳಿಕೊಂಡಂತೆ, "ನಾನು ಕೆತ್ತಿದ ಅಕ್ಷರ ಒಂದೂ ಮಾಸಿರ್ಲಿಲ್ಲ, ನೋಡಿದ್ರಾ?" ನೋಡಲು ಬಿಟ್ಟಿದ್ದರೆ ತಾನೇ! ಆದರೂ ಹೂಂ ಎನ್ನುತ್ತೇನೆ.

ಹೊಸ ವ್ಯಾಲೆಟ್ಟಿನಲ್ಲೂ ಮೊದಲನೇ ಖಾತೆ ದೇವರದೇ ಆಗಬೇಕು ಎಂದು ಬೋರಕ್ಕ ಹಟ ಹಿಡಿಯುತ್ತಾರೆ. "ಆಗ್ಲಿ ದೊಡ್ಡವ್ವಾ, ಆದ್ರೆ ಖಾಲಿ ಬಿಡಬ್ಯಾಡ್ರಿ. ಒಂಚೂರು ಹಾಕ್ರಿ, ದೇವ್ರಿಗೂ ಆಗ್ತೈತೆ, ಹುಡುಕೋರಿಗೂ ದಾರಿ ಕಾಣ್ತೈತೆ" ಎಂದು ಜ್ಯೋತಿಲಕ್ಷ್ಮಿ ಒಪ್ಪಿಸುತ್ತಾರೆ.

ಎಲ್ಲವೂ ಹೊಸ ವ್ಯಾಲೆಟ್ಟಿಗೆ ಸಾಗಿದ ಮೇಲೆ ಡಬ್ಬಿಗಳು ಮತ್ತೆ ಚೀಲ ಸೇರುತ್ತವೆ. ಬಸ್ಸು ಹಾರ್ನ್ ಹಾಕುತ್ತಿದೆ. ಬೋರಕ್ಕ ಮಾತ್ರ ಕಟ್ಟೆಯಿಂದ ಏಳುವುದಿಲ್ಲ.

"ನನ್ ಮಗ ನನ್ ಮಾತು ಮೀರಿರ್ಲಿಲ್ಲ ಕಣೇ ಗೀತಾ. ನಾನೇ ಅವನ್ನ ಹಬ್ಬದ ದಿನ ಉಪವಾಸ ಕಳ್ಸಿಬಿಟ್ಟೆ."

ಗೀತಮ್ಮ ಚೀಲ ಕೆಳಗಿಟ್ಟು ಅತ್ತೆಯ ಎರಡೂ ಕೈ ಹಿಡಿದು ಎಬ್ಬಿಸುತ್ತಾರೆ.

"ಹಬ್ಬ ಯಾಕೆ ಬೇಕು ಅತ್ತೆ? ನಡೀರಿ, ಇವತ್ತೇ ಎಡೆ ಇಡಾನ."