ಸುಣ್ಣ ಹಚ್ಚಿದ ಸರಕಾರಿ ಕಂಬ

ಆಳಂದದ ನಮ್ಮ ಮನೆಗೂ ಓಣಿಗೂ ನಡುವೆ ಒಂದು ಬಂಡಿ ಹಿಡಿಯುವಷ್ಟು ಅಗಲದ ಹಾದಿಯಿತ್ತು. ಅದು ನಮ್ಮದೇ ಜಾಗ, ಫರಸಿ ಕಲ್ಲು ಹಾಸಿಸಿದ್ದು ನಮ್ಮಪ್ಪ. ಅದರ ಮಗ್ಗುಲಲ್ಲಿ ಊರ ಕಚೇರಿಯವರು ಕಬ್ಬಿಣದ ದೀಪದ ಕಂಬ ನೆಡಲು ಬಂದಾಗ ಅಪ್ಪ ಬೇಡವೆನ್ನಲಿಲ್ಲ. ಓಣಿಗೆಲ್ಲ ಬೆಳಕಾಗುತ್ತದೆಂದು ಚಹಾ ಕುಡಿಸಿ ಕಳಿಸಿದ. ಚಹಾ ಕೊಟ್ಟದ್ದು ಸರಿ, ಕಾಗದವಿಲ್ಲದೆ ಜಾಗ ಕೊಟ್ಟದ್ದು ತಪ್ಪು ಎಂದು ನಾನು ಇವತ್ತಿಗೂ ಹೇಳುತ್ತೇನೆ.

ಅಪ್ಪ ತೀರಿಕೊಂಡ. ಅವನ ಹಿಂದೆಯೇ ದೀಪವೂ ಕೆಟ್ಟಿತು. ಕಚೇರಿಯವರು ಬಂದು ತಂತಿ ಬಿಚ್ಚಿಕೊಂಡು ಹೋದರು, ಕಂಬ ಬಿಟ್ಟು ಹೋದರು. ಬುಡಕ್ಕೆ ಜಂಗು ಹಿಡಿದು ಅದು ನಮ್ಮ ತಗಡಿನ ಕೋಣೆಯ ಕಡೆ ವಾಲತೊಡಗಿತು.

ಎಂಬತ್ತರ ದಶಕದ ಆ ವರ್ಷ ನನ್ನ ತಂಗಿ ಅಫಜಲಪುರದಿಂದ ಬಾಣಂತನಕ್ಕೆ ಬಂದಿದ್ದಳು. ಅವಳೂ ಹೆಣ್ಣುಕೂಸೂ ಮಲಗುತ್ತಿದ್ದದ್ದು ಅದೇ ತಗಡಿನ ಕೋಣೆಯಲ್ಲಿ, ಬೇರೆ ಕೋಣೆ ನಮಗಿರಲಿಲ್ಲ. ಗಾಳಿ ಎದ್ದರೆ ಕಂಬ ಕಿರ್ ಅನ್ನುತ್ತಿತ್ತು. ಕೂಡಲೇ ಅವ್ವ ಕೂಸನ್ನು ಎತ್ತಿಕೊಂಡು ಅಡುಗೆಮನೆಗೆ ಓಡುತ್ತಿದ್ದಳು. ಎಳೆಗೂಸನ್ನು ಒಲೆಯ ಹೊಗೆಯಲ್ಲಿ ಕೂರಿಸಿಕೊಂಡ ಅವ್ವನನ್ನು ನೋಡಿದರೆ ನನಗೆ ಮೈ ಉರಿಯುತ್ತಿತ್ತು.

ನಾನಾಗ ಕನ್ನಡ ಶಾಲೆಯ ಮಾಸ್ತರಿಣಿ. ಕಂಬ ತೆಗೆಯಿರೆಂದು ಅರ್ಜಿ ಬರೆದೆ. ಉತ್ತರವಾಗಿ ಕಚೇರಿಯ ಮೊಹರು ಬಿದ್ದ ನೋಟಿಸು ಬಂತು. ‘ಸದರಿ ಜಾಗವು ಖಾಸಗಿಯಾಗಿರುವುದರಿಂದ ನಿಮ್ಮ ಕಂಬದ ದುರಸ್ತಿಗೆ ಹಾಗೂ ಅದರಿಂದಾಗುವ ಹಾನಿಗೆ ನೀವೇ ಜವಾಬ್ದಾರರು. ಪರವಾನಗಿ ಇಲ್ಲದೆ ಕಂಬ ಕೀಳತಕ್ಕದ್ದಲ್ಲ.’

ಅವ್ವನಿಗೆ ಓದು ಬರದು. ಮೂರು ಸಲ ಓದಿಸಿದಳು.

“ನಿಮ್ಮ ಕಂಬ ಅಂತ ಬರದಾರೇನ್ ಬೇ?”

“ಹೌದವ್ವಾ. ಸಿಕ್ಕಾನೂ ಹೊಡದಾರ.”

“ಹಂಗಾದ್ರ ಇರಲಿ ಬಿಡು,” ಎಂದು ಕಾಗದವನ್ನು ದೇವರ ಜಗುಲಿಯ ಮೇಲಿಟ್ಟಳು. ಜಗಳಕ್ಕೆ ಸೆರಗು ಕಟ್ಟಿ ನಿಂತಿದ್ದ ನನಗೆ ಅವ್ವ ಸೋತಳೆನಿಸಿ ಸಿಟ್ಟೇ ಬಂತು.

ದಸರೆ ಹತ್ತಿರವಿತ್ತು. ಮನೆಗೆಲ್ಲ ಸುಣ್ಣ ಹಚ್ಚಿದ ಮೇಲೆ ಅವ್ವ ಉಳಿದ ಸುಣ್ಣದ ಬಕೇಟು ನನ್ನ ಕೈಗೆ ಕೊಟ್ಟು ಕಂಬ ತೋರಿಸಿದಳು. ಎರಡು ಕೈ ಬಳಿದೆ. ಕಚೇರಿಯವರು ಕಪ್ಪು ಬಣ್ಣದಲ್ಲಿ ಬರೆದಿದ್ದ ನಂಬರು ಕಾಣದಾಯಿತು. ಖಂಡೇ ಪೂಜೆಯ ದಿನ ಕುಡಗೋಲು, ಕೊಡಲಿ, ಈಳಿಗೆ ಎಲ್ಲ ಪೂಜಿಸಿದವಳು ಕಂಬಕ್ಕೂ ವಿಭೂತಿ ಎಳೆದು, ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿ, ಕಾಯಿ ಒಡೆದಳು. “ಮನ್ಯಾಗಿನ ಕಬ್ಬಿಣ ಒಂದೂ ಬಿಡಬಾರ್ದು,” ಎಂದಳು. ಆಗ ನನಗೆ ಅವಳ ಆಟ ಅರ್ಥವಾಯಿತು. ಓಣಿಯ ಹೆಂಗಸರು ನಗುತ್ತಲೇ ಬಂದು ಕೈಮುಗಿದು ಹೋದರು.

ಹಬ್ಬ ಮುಗಿದ ವಾರದಲ್ಲೇ ಕಚೇರಿಯ ಗುಮಾಸ್ತರು ಕಂಬ ಎಣಿಸುತ್ತ ಬಂದರು. ಮಾಲೆ ಬಾಡಿತ್ತು, ಕುಂಕುಮ ಹಾಗೇ ಇತ್ತು.

“ಸರಕಾರಿ ಕಂಬಕ್ಕ ಸುಣ್ಣ ಯಾರ್ ಹಚ್ಯಾರ್ರಿ? ನಂಬರ್ ಎಲ್ಲದ?”

“ಸರಕಾರಿ ಕಂಬ ಇಲ್ಲೆಲ್ಲಿ ಅದರಿ ಸಾಹೇಬ್ರ? ಇದು ನಮ್ಮ ಕಂಬ,” ಎಂದಳು ಅವ್ವ ಹೊಸ್ತಿಲಿನಿಂದಲೇ.

“ಚೇಷ್ಟಿ ಮಾಡಬ್ಯಾಡ್ರಿ ಅವ್ವಾರ. ನಮ್ಮ ರಿಜಿಸ್ಟರದಾಗ ಅದ.”

ನಾನು ನೋಟಿಸು ತಂದು, ಕೊನೆಯ ಸಾಲಿನ ಮಕ್ಕಳಿಗೂ ಕೇಳುವಂಥ ನನ್ನ ಶಾಲೆಯ ದನಿಯಲ್ಲಿ ಓದಿದೆ. ಓಣಿಯ ಬಾಗಿಲುಗಳೆಲ್ಲ ತೆರೆದವು. ಗುಮಾಸ್ತರ ಮುಖ ಸಣ್ಣದಾಯಿತು.

“ಅದು ದುರಸ್ತಿಗಷ್ಟ ನಿಮ್ದರಿ,” ಎಂದರು.

“ಬೀಳೂದು ನನ್ನ ಮೊಮ್ಮಗಳ ಮ್ಯಾಲ, ಹೆಸರು ನಿಮ್ಮ ಪುಸ್ತಕದಾಗ! ಯಾವ್ದರ ಒಂದು ಹೇಳ್ರಿ. ನಿಮ್ದಂದ್ರ ಬರದು ಕೊಡ್ರಿ. ನಂದಂದ್ರ ನಾಳೇನೇ ಕಿತ್ತು ಕಮ್ಮಾರಗ ಕೊಡ್ತೇನಿ, ಕುಡಗೋಲ ಮಾಡಸ್ತೇನಿ.”

ಅವರು ನಮ್ಮ ಕಟ್ಟೆಯ ಮೇಲೆ ಕೂತು, ಅದೇ ನೋಟಿಸಿನ ಬೆನ್ನಿಗೆ, ಕಂಬ ಕಚೇರಿಯದೆಂದೂ ತೆಗೆಯುವ ಹೊಣೆ ಕಚೇರಿಯದೆಂದೂ ಬರೆದರು. ನಾನು ಸಿಕ್ಕಾ ಕೇಳಿದೆ. ಅದು ಕಚೇರಿಯಲ್ಲಿದೆ ಎಂದರು.

“ಹೋಗಿ ತರ್ರಿ,” ಎಂದಳು ಅವ್ವ. “ಕಂಬ ಎಲ್ಲೂ ಓಡಿಹೋಗಂಗಿಲ್ಲ. ಬೀಳಬಹುದು ಅಷ್ಟ.”

ಮಧ್ಯಾಹ್ನದೊಳಗೆ ಸಿಕ್ಕಾ ಬಿತ್ತು. ಮೂರನೆಯ ದಿನ ನಾಲ್ವರು ಬಂದು ಕಂಬ ಕಿತ್ತು, ಓಣಿಯ ಅಂಚಿಗೆ ಸಿಮೆಂಟು ಹಾಕಿ ನಿಲ್ಲಿಸಿದರು. ಈ ಸಲ ಚಹಾ ಕೊಡಲು ನಾನು ಬಿಡಲಿಲ್ಲ. ಆ ಕಾಗದ ಈಗಲೂ ನನ್ನ ಟ್ರಂಕಿನಲ್ಲಿದೆ, ಒಂದು ಮಗ್ಗುಲಿಗೆ ನಮ್ಮ ಕಂಬ, ಇನ್ನೊಂದು ಮಗ್ಗುಲಿಗೆ ಅವರ ಕಂಬ. ಯಾರಾದರೂ ಕೇಳಲು ಬಂದರೆ ಎರಡನ್ನೂ ಗಟ್ಟಿಯಾಗಿ ಓದಿ ಹೇಳುತ್ತೇನೆ.

ಕಂಬ ಕಿತ್ತ ದಿನ ಸಂಜೆ ಜೋರು ಗಾಳಿ ಎದ್ದಿತು. ಅವ್ವ ರೊಟ್ಟಿ ಬಡಿಯುತ್ತಿದ್ದವಳು ಅಭ್ಯಾಸಬಲದಿಂದ ಎದ್ದು ತಗಡಿನ ಕೋಣೆಯ ಬಾಗಿಲ ತನಕ ಬಂದಳು. ನಿದ್ದೆಹೋಗಿದ್ದ ಕೂಸನ್ನು ನೋಡಿದಳು. ಹಿಟ್ಟಿನ ಕೈಯಿಂದ ಬಾಗಿಲು ಮುಂದಕ್ಕೆಳೆದು, ವಾಪಸು ಬಂದು ರೊಟ್ಟಿಗೆ ಕೂತಳು.